ಫ್ಯಾನಿನ ಬುಡದಲ್ಲಿ ಚಿಗರಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನಲ್ಲಿರುವ ಒಂದು ಊರು. ಮಾತಾಡುವವರು ಇಬ್ಬರು. ಒಬ್ಬರು ಹುಟ್ಟಿದಾಗಿನಿಂದ ಅಲ್ಲೇ ಒಕ್ಕಲುತನ ಮಾಡಿಕೊಂಡಿರುವ ಹಿರಿಯರು. ಅವರ ಹೊಲದ ಬದುವಿಗೆ ಗಾಳಿ ವಿದ್ಯುತ್ ಕಂಪನಿಯೊಂದರ ಗೋಪುರ ನಿಂತಿದೆ. ಇನ್ನೊಬ್ಬಳು ಬೆಂಗಳೂರಿನಲ್ಲಿ ವಿದ್ಯುತ್ ಎಂಜಿನಿಯರ್ ಆಗಿದ್ದು, ಕೆಲಸ ಬಿಟ್ಟು, ಪಕ್ಕದ ಹೊಲ ಕೊಂಡು ಬಂದು ನೆಲೆಸಿದವಳು. ಹೆಸರು ಬೇಡ, ಆಡುಮಾತಿನಿಂದಲೇ ಯಾರು ಯಾರೆಂದು ತಿಳಿಯುತ್ತದೆ.

— ಯವ್ವಾ, ನಿನ್ನ ಮನಿ ಹಿಂದಿನ ಆ ಸಣ್ಣ ಫ್ಯಾನ್ ಇವತ್ತರ ತಿರುಗತೈತೇನು?

— ತಿರುಗುತ್ತೆ ಕಾಕಾ. ಕೆಲಸ ಮಾಡಲ್ಲ, ಅಷ್ಟೇ. ಹೊಲ ಮಾರಿದವರು ಕಂಬದ ಸಮೇತ ಬಿಟ್ಟುಹೋದರಲ್ಲ, ಅದರ ಮೇಲೆ ‘1 ಕಿಲೋವಾಟ್’ ಅಂತ ಬರೆದಿದೆ. ಬರೆದದ್ದು ಸುಳ್ಳಲ್ಲ. ಆದರೆ ಅದು ಗಾಳಿ ಸೆಕೆಂಡಿಗೆ 11-12 ಮೀಟರ್ ವೇಗದಲ್ಲಿ ಬೀಸಿದಾಗಿನ ಲೆಕ್ಕ. ಅಂಥ ಗಾಳಿಗೆ ನಿಮ್ಮ ತಲೆ ಮೇಲಿನ ಪಟಗ ನಿಲ್ಲಲ್ಲ.

— ಆಷಾಢದಾಗ ನಿಂದರಂಗಿಲ್ಲ, ಖರೇ. ಮತ್ತ ಸಾದಾ ದಿನದಾಗ?

— ಅಲ್ಲೇ ಇರೋದು ಪೇಚು. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಅರ್ಧ ಆಗಲ್ಲ, ಎಂಟನೇ ಒಂದು ಪಾಲಾಗುತ್ತೆ. ಮೂರು ಮೀಟರ್ ಅಗಲಕ್ಕೆ ತಿರುಗೋ ಈ ಯಂತ್ರ ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಐನೂರು ವಾಟಿನ ಆಸುಪಾಸು ಕೊಟ್ಟೀತು. ಗಾಳಿ 4 ಮೀಟರಿಗೆ ಇಳೀತು ಅಂದರೆ ಅರವತ್ತು-ಎಪ್ಪತ್ತು ವಾಟ್. ಒಂದು ಸೀಲಿಂಗ್ ಫ್ಯಾನಿಗೆ ಸಾಕಾಗುವಷ್ಟು.

— ಅಂದ್ರ ಹೊರಗ ಒಂದ್ ಫ್ಯಾನ್ ತಿರುಗಿ ಒಳಗ ಒಂದ್ ಫ್ಯಾನ್ ತಿರುಗಸತೈತಿ! ಗಾಳಿ ಬೇಕಂದ್ರ ಹೊರಸು ಅಂಗಳಕ್ಕ ತಂದ್ ಹಾಕ್ಕೊಂಡ್ ಮಲಗಿದ್ರ ಆತಲ್ಲ.

— ನಗಬೇಡಿ, ಅವರಿಗೆ ಮಾರಿದವನು ಇದನ್ನ ಹೇಳಿರಲ್ಲ. ಮೇಲಾಗಿ ಕಂಬ ನೆಟ್ಟ ಜಾಗ ನೋಡಿ. ಈ ಕಡೆ ಮನೆ, ಆ ಕಡೆ ಬೇವಿನ ಮರ. ಎರಡರ ನಡುವೆ ಗಾಳಿ ನೆಟ್ಟಗೆ ಬರೋದೇ ಇಲ್ಲ, ಸುಳಿ ಸುತ್ತಿಕೊಂಡು ಬರುತ್ತೆ. ಯಂತ್ರ ಯಾವ ಕಡೆ ಮುಖ ಮಾಡಬೇಕು ಅಂತ ತಿಳಿಯದೆ ಒದ್ದಾಡಿ ಬೇರಿಂಗ್ ಸವೆಸಿಕೊಳ್ಳುತ್ತೆ. ಸುತ್ತ ನೂರು ಮೀಟರಿನೊಳಗೆ ಇರೋ ಮರ-ಮನೆಗಳಿಗಿಂತ ಹತ್ತು ಮೀಟರಾದರೂ ಎತ್ತರದಲ್ಲಿ ಅದು ಇರಬೇಕು. ಅಷ್ಟು ಎತ್ತರದ ಕಂಬ ನಿಲ್ಲಿಸೋಕೆ ಹೋದರೆ ಮೂಗಿಗಿಂತ ಮೂಗುತಿ ಭಾರ. ಚಾವಣಿ ಮೇಲಿನ ನಾಲ್ಕು ಸೋಲಾರ್ ಹಲಗೆ ಒಂದು ಮಾತಾಡದೆ ಅದರ ಕೆಲಸ ಮಾಡ್ತಿವೆ. ಕಂಬ ಈಗ ನೀಲಕಂಠ ಹಕ್ಕಿಗೆ ಕೂರೋ ಜಾಗ. ಅದಕ್ಕೆ ಬಿಟ್ಟುಕೊಟ್ಟಿದ್ದೀನಿ.

— ನಾ ಹರೇದಾವಿದ್ದಾಗ ಇಂಥಾದ್ದಲ್ಲ, ಬ್ಯಾರೆ ನಮೂನಿ ಇತ್ತು. ತಗಡಿನ ರೆಕ್ಕಿ ಜಗ್ಗಿ ಇದ್ದು, ಹೂವಿನಂಗ ಕಾಣತಿತ್ತು. ಸರಕಾರದಾವ್ರ ಕೊಟ್ಟಿದ್ರು, ಬಾವ್ಯಾಗಿನ ನೀರ್ ಎತ್ತಾಕ. ಮೆಲ್ಲಕ ತಿರುಗತಿತ್ತು, ಕಿರ್ ಕಿರ್ ಅಂತಿತ್ತು, ಆದ್ರ ನೀರ್ ಬರ್ತಿತ್ತವ್ವಾ. ಮುಂಜಾನೆ ಹೋದ್ರ ತೊಟ್ಟಿ ತುಂಬಿರತಿತ್ತು.

— ಅದು ಒಳ್ಳೇ ಯಂತ್ರ ಕಾಕಾ. ರೆಕ್ಕೆ ಹೆಚ್ಚಿದ್ದಷ್ಟೂ ಬಲ ಹೆಚ್ಚು, ವೇಗ ಕಡಿಮೆ. ತೆಳು ಗಾಳಿಗೂ ಪಂಪಿನ ಸರಳನ್ನ ಎತ್ತಿ ಇಳಿಸುತ್ತೆ. ರಾತ್ರಿ ಗಾಳಿ ಬಂದರೆ ರಾತ್ರಿ ಎತ್ತುತ್ತೆ, ಹಗಲು ಬಂದರೆ ಹಗಲು. ತೊಟ್ಟಿಯಲ್ಲಿ ನೀರು ನಿಂತಿರುತ್ತೆ, ಹಾಳಾಗಲ್ಲ. ಕರೆಂಟಿನ ಹಾಗೆ ಈ ಕ್ಷಣವೇ ಖರ್ಚಾಗಬೇಕು ಅನ್ನೋ ಅವಸರ ಇಲ್ಲ. ಅದು ಯಾಕೆ ಹೋಯ್ತು ಅನ್ನಿ?

— ಯಾಕಂದ್ರ ನೀರ್ ಹೋತು. ಮೂವತ್ತು ನಲವತ್ತ್ ಫೂಟಿನ ಬಾವಿ ಬತ್ತಿದ್ವು. ಎಲ್ಲಾರೂ ಬೋರ್ ಕೊರಿಸಿದ್ವಿ. ಐನೂರ್ ಆರನೂರ್ ಫೂಟಿನಿಂದ ಅದು ಹೆಂಗ ಎತ್ತೀತು? ಫ್ಯಾನ್ ಛಲೋನ ಇತ್ತು, ಗಾಳೀನೂ ಇತ್ತು. ಹೆಂಗಸ್ರು ಆ ಕಂಬಕ್ಕ ಹಗ್ಗಾ ಕಟ್ಟಿ ಅರಬಿ ಒಣಾ ಹಾಕಾಕ ಸುರು ಮಾಡಿದ್ರು. ಆಮ್ಯಾಲೆ ಗುಜರೀಗೆ ಹೋತು.

— ಅದನ್ನ ಯಾರೂ ಬರೆದಿಡಲ್ಲ ನೋಡಿ. ಗಾಳಿಯಂತ್ರ ಸೋತಿತು ಅಂತಾರೆ. ಸೋತದ್ದು ಬಾವಿ.

— ನಮ್ಮ ಕಾಲದಾಗ ಗಾಳಿ ಸಂಗಾಟ ಒಂದ್ ಒಪ್ಪಂದ ಇತ್ತು. ಕಣದಾಗ ಜ್ವಾಳ ತೂರಬೇಕಂದ್ರ ಬುಟ್ಟಿ ತುಂಬ್ಕೊಂಡ್ ಕುಂದರ್ತಿದ್ವಿ. ಒಮ್ಮೊಮ್ಮೆ ದಿನಗಟ್ಲೆ. ನಡರಾತ್ರ್ಯಾಗ ಗಾಳಿ ಎದ್ರ ಎಬ್ಬಿಸಿ ತೂರಸ್ತಿದ್ದ ನಮ್ಮಪ್ಪ. ಗಾಳಿ ಬಂದಾಗ ತೂರಿಕೋ ಅಂತ ಈಗಿನಾವ್ರು ರಾಜಕಾರಣಿಗೆ ಹೇಳ್ತಾರ. ನಮಗ ಅದು ರಾತ್ರಿ ನಿದ್ದಿ ಕೆಡೂ ಮಾತು. ಈಗ ಮಷಿನ್ ಬಂದಾವ, ಕಣಾನೂ ಇಲ್ಲ. ಹೋಗ್ಲಿ ಬಿಡು. ನನ್ನ ಸಿಟ್ಟು ನಿನ್ನ ಸಣ್ಣ ಫ್ಯಾನಿನ ಮ್ಯಾಲಲ್ಲ. ಆ ಎತ್ತರದ್ದರ ಮ್ಯಾಲ.

— ಬಾಡಿಗೆ ಬರ್ತಾ ಇದೆಯಲ್ಲ?

— ಬರ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಬದುವಿನ್ಯಾಗ ಊರಿಗೆಲ್ಲಾ ಆಗೂವಷ್ಟ್ ಕರೆಂಟ್ ಹುಟ್ಟತೈತಿ, ನನ್ನ ಪಂಪಸೆಟ್ಟಿಗೆ ಕರೆಂಟಿಲ್ಲ! ಮೊನ್ನೆ ಲೈನ್ ಹೋತು. ಗಾಳಿ ಭರೋ ಅಂತ ಬೀಸಾಕತ್ತಿತ್ತು. ನೋಡ್ತೀನಿ, ಆ ಫ್ಯಾನೂ ನಿಂತಿತ್ತು. ಇದೇನ್ ಅನ್ಯಾಯ?

— ಅದು ಒಂಟಿಯಾಗಿ ಓಡೋ ಯಂತ್ರ ಅಲ್ಲ ಕಾಕಾ. ಅದರ ಕರೆಂಟು ನಿಮ್ಮ ಕಂಬಕ್ಕೆ ಇಳಿಯಲ್ಲ, 33 ಸಾವಿರ ವೋಲ್ಟಿನ ತಂತಿ ಹಿಡಿದು ಸಬ್‌ಸ್ಟೇಷನ್ನಿಗೆ ಹೋಗುತ್ತೆ, ಅಲ್ಲಿಂದ ಇನ್ನೂ ದೊಡ್ಡ ಲೈನಿಗೆ. ಆ ಲೈನಿನಲ್ಲಿ ಜೀವ ಇದ್ದರೆ ಮಾತ್ರ ಇದು ಅದರ ತಾಳಕ್ಕೆ ಸೇರಿಕೊಳ್ಳುತ್ತೆ. ಲೈನು ಸತ್ತರೆ ಇದೂ ತನ್ನ ರೆಕ್ಕೆ ಮಗುಚಿ ನಿಲ್ಲುತ್ತೆ. ಇಲ್ಲದಿದ್ದರೆ ತಂತಿ ರಿಪೇರಿಗೆ ಹತ್ತಿದ ಲೈನ್‌ಮನ್ ಗತಿ ಏನು? ಇನ್ನೊಂದು ತೊಡಕಿದೆ. ಇದು ಹೆಚ್ಚು ದುಡಿಯೋದು ಜೂನಿನಿಂದ ಸೆಪ್ಟೆಂಬರ್, ಮುಂಗಾರು ಗಾಳಿಗೆ. ನಿಮ್ಮ ಪಂಪು ಹೆಚ್ಚು ಕರೆಂಟ್ ಕೇಳೋದು ಬೇಸಿಗೆಯಲ್ಲಿ. ಮಳೆ ಬರೋವಾಗ ಇದಕ್ಕೆ ಹಬ್ಬ, ನೀರು ಬೇಕಾದಾಗ ಇದಕ್ಕೆ ನಿದ್ದೆ.

— ಇವೆಲ್ಲಾ ತಿಳಿದ ಮ್ಯಾಲೂ ಸಿಟ್ಟ್ ಇಳಿಯಂಗಿಲ್ಲ ನೋಡು. ತ್ರೀ ಫೇಜ್ ಕೊಡೂದು ಏಳ ತಾಸು, ಅದರಾಗೂ ಪಾಳಿ. ರಾತ್ರಿ ಪಾಳಿ ಬಂದ್ರ ಬ್ಯಾಟರಿ ಹಿಡ್ಕೊಂಡು ಹೊಲಕ್ಕ ಹೋಗಬೇಕು. ಬದುವಿನ ಮ್ಯಾಲ ಕೊಳಕುಮಂಡಲ ಮಲಗಿರತೈತಿ, ಮೆಕ್ಕಿಜ್ವಾಳದಾಗ ಹಂದಿ ನುಗ್ಗಿರತಾವ. ನೀವು ಪ್ಯಾಟ್ಯಾಗಿನಾವ್ರು ಕಾಡುಪ್ರಾಣಿ-ಮನಷ್ಯಾ ಜಗಳ ಅಂತ ಪೇಪರಿನ್ಯಾಗ ಬರೀತೀರಿ. ಅದರಾಗ ಅರ್ಧಾ ಜಗಳ ಈ ರಾತ್ರಿ ಕರೆಂಟಿಂದು. ಹಗಲಿಗೆ ಕೊಟ್ರ ನಾ ಯಾಕ ಹಾವಿನ ಮನಿಗೆ ಹೋಗ್ಲಿ?

— ಒಪ್ಪಿದೆ. ಈ ಮಾತು ನನ್ನ ಎಂಜಿನಿಯರಿಂಗ್ ಪುಸ್ತಕದಲ್ಲಿ ಇರಲಿಲ್ಲ.

— ಮತ್ತ ಆ ರೆಕ್ಕಿ ತಂದ ದಿನಾ! ಒಂದೊಂದ್ ರೆಕ್ಕಿ ಅಗಸಿಯಿಂದ ಹನಮಪ್ಪನ ಗುಡಿತನಾ ಉದ್ದ.

— ಅರವತ್ತು ಮೀಟರ್ ದಾಟಿರುತ್ತೆ.

— ತಿರುವಿನ್ಯಾಗ ಲಾರಿ ಹೊಳ್ಳವಲ್ದು ಅಂತ ಕಟ್ಟಿ ಒಡದ್ರು, ಎರಡ್ ಬೇವಿನ ಗಿಡಾ ಕಡದ್ರು. ಗಿಡ ಹಚ್ಚತೀವಿ ಅಂದಿದ್ರು. ಹಚ್ಚಿದ್ರು, ನೀರ್ ಹಾಕಾಕ ಯಾರೂ ಬರಲಿಲ್ಲ. ಅದ ಇರ್ಲಿ. ಈಗ ನಿನ್ನ ಮ್ಯಾಲಿನ ತಕರಾರ್ ಕೇಳು.

— ಬಾನಿ ವಿಷಯಾನಾ?

— ಹೌದವ್ವಾ. ನೀ ಬ್ಯಾಸಗ್ಯಾಗ ಕಲ್ಲಬಾನಿ ತುಂಬ ನೀರಿಡ್ತಿ. ಚಿಗರಿ ಬಂದ್ ಕುಡಿತಾವ. ನೋಡಾಕ ಚಂದ. ಕುಡದು ಎಲ್ಲಿಗೆ ಹೋಗ್ತಾವ? ಮಳಿ ಬಿದ್ದ ಮ್ಯಾಲೂ ಇಲ್ಲೇ ಉಳಿತಾವ, ನನ್ನ ಹೆಸರಿನ ಸಸಿ ತಿಂತಾವ, ಹತ್ತಿ ಎರಡೆಲಿ ಬಿಟ್ಟಿದ್ದಕ್ಕ ಕಾದು ಕುಂತಿರತಾವ. ಹೊಲದ ಸುತ್ತ ಹೆಂಡ್ತಿ ಹಳೇ ಸೀರಿ ಎಲ್ಲಾ ಕಟ್ಟೀನಿ. ಮದಲ ನಾಕ್ ದಿನ ಹೆದರಿದ್ವು. ಈಗ ಆ ಸೀರಿ ನೆಳ್ಳಿಗೇ ಮಲಗತಾವ.

— ಬಾನಿಯನ್ನ ಗುಡ್ಡದ ಕಡೆ ಅಂಚಿಗೆ ಸರಿಸ್ತೀನಿ. ಮಳೆ ಶುರುವಾದ ಮೇಲೆ ಇಡೋದೂ ಬೇಡ, ಹಳ್ಳದಲ್ಲಿ ನೀರಿರುತ್ತೆ. ಆದರೆ ಒಂದು ಕೇಳ್ತೀನಿ: ನಾನು ಅವಕ್ಕೆ ಇವತ್ತಿನವರೆಗೂ ಒಂದು ಹಿಡಿ ಕಾಳು ಹಾಕಿದ್ದು ನೋಡಿದ್ದೀರಾ?

— ಇಲ್ಲ. ಅದೊಂದು ಛಲೋ ಗುಣ. ಯಾಕ ಹಾಕಂಗಿಲ್ಲ?

— ನೀವೇ ಹೇಳಿದ ಕತೆಯಿಂದ. ಆ ಮರಿ ಸಾಕಿದವರದ್ದು.

— ಓ, ನಮ್ಮ ಓಣ್ಯಾಗಿನ ಚಿಗರಿಮರಿ! ಹುಲ್ಲಾಗ ಒಂಟಿ ಬಿದ್ದಿತ್ತು, ತಾಯಿ ಬಿಟ್ಟ್ ಹೋಗೈತಿ ಅಂತ ಎತ್ಕೊಂಡ್ ಬಂದ್ರು.

— ತಾಯಿ ಬಿಟ್ಟು ಹೋಗಿರಲ್ಲ ಕಾಕಾ, ಅದೇ ಸಂಕಟ. ಹುಟ್ಟಿದ ಹೊಸದರಲ್ಲಿ ಮರಿಯನ್ನ ಹುಲ್ಲಲ್ಲಿ ಅಡಗಿಸಿ ತಾಯಿ ದೂರ ಮೇಯುತ್ತೆ. ತಾನು ಹತ್ತಿರ ಇದ್ದರೆ ತೋಳಕ್ಕೆ ಗುರುತು ಸಿಗುತ್ತೆ ಅಂತ. ಹಾಲು ಕುಡಿಸೋಕಷ್ಟೇ ಬರುತ್ತೆ. ನಾವು ಅದನ್ನ ಅನಾಥ ಅಂದುಕೊಂಡು ಮನೆಗೆ ತರ್ತೀವಿ. ಸಂಜೆ ತಾಯಿ ಬಂದು ಹುಡುಕುತ್ತೆ.

— ಬಾಟ್ಲಿ ಹಾಲ್ ಕುಡಿಸಿ ಬೆಳಸಿದ್ರು. ಹುಡುಗ್ರ ಸಂಗಾಟ ಸಾಲಿಗೆ ಹೋಗತಿತ್ತು. ಕೊರಳಾಗ ಗೆಜ್ಜಿ. ಊರಿಗೂರ ಮುದ್ದ ಮಾಡ್ತು. ಗಂಡು ಅದು. ಮೈ ಕರ್ರಗಾತು, ಕೋಡು ಸುರಳಿ ಸುರಳಿ ಬಂದ್ವು. ಒಂದ್ ದಿನ ಬಾಟ್ಲಿ ಹಿಡಿದ ಕೈಗೇ ತಿವೀತು. ತೊಡಿಗೆ ಹೊಲಿಗಿ ಬಿದ್ದವು ಆ ಮನಷ್ಯಾಗ. ಎಷ್ಟ್ ಉಪಕಾರಗೇಡಿ ಅಂತ ಎಲ್ಲಾರೂ ಬೈದ್ರು.

— ಉಪಕಾರಗೇಡಿ ಅಲ್ಲ. ಕಾಡಲ್ಲಿ ಬೆಳೆದ ಗಂಡು ಚಿಗರಿ ಮನುಷ್ಯನ್ನ ಕಂಡರೆ ಓಡುತ್ತೆ. ಅದರ ಕೋಡು ಇನ್ನೊಂದು ಗಂಡಿನ ಮೇಲೆ. ಮನೆಯಲ್ಲಿ ಬೆಳೆದದ್ದಕ್ಕೆ ಮನುಷ್ಯನೇ ಜಾತಿಬಂಧು. ಹರೆಯಕ್ಕೆ ಬಂದಾಗ ನಿಮ್ಮನ್ನೇ ಎದುರಾಳಿ ಗಂಡು ಅಂತ ತಿಳಿಯುತ್ತೆ. ಕೈಯಲ್ಲಿ ಸಾಕಿದ ಗಂಡು ಜಿಂಕೆ ಎಲ್ಲ ಕಡೆ ಹೀಗೇ ಮಾಡುತ್ತೆ. ಪ್ರೀತಿ ಕಡಿಮೆಯಾಗಿ ತಿವಿದದ್ದಲ್ಲ, ನಮ್ಮವನೇ ಅಂದುಕೊಂಡು ತಿವಿದದ್ದು. ವನ್ಯಜೀವಿ ಸಂರಕ್ಷಣೆಯ ಕಾನೂನು ಬೇರೆ ಇದೆ, 1972ರದ್ದು. ಮನೆಯಲ್ಲಿಟ್ಟುಕೊಂಡರೆ ಜೈಲು.

— ಅರಣ್ಯ ಇಲಾಖಿಯವ್ರು ಒಯ್ದ್ರು ಬಿಡು. ಆ ಮನಿ ಹುಡುಗ ವಾರಗಟ್ಲೆ ಅನ್ನ ಬಿಟ್ಟ. ಸಾಕಿದಾವ್ರಿಗೂ ದುಕ್ಕ, ಅದಕ್ಕೂ ದುಕ್ಕ. ಆದ್ರ ನೀ ಒಂದ್ ಮಾತ್ ಹೇಳು. ಹೆದರದ ಹತ್ತಿರ ಬರೂದು ಗೆಳೆತನಾ ಅಲ್ಲಂದ್ರ, ಗೆಳೆತನಾ ಅಂದ್ರ ಮತ್ತೇನು?

— ಹೆದರಿಕೆ ಹೋಗಿದೆ ಅಂದ ಮಾತ್ರಕ್ಕೆ ಗೆಳೆತನ ಅಲ್ಲ. ಸಾತಾರಾ ಹತ್ತಿರ ಚಾಳಕೇವಾಡಿ ಅಂತ ಒಂದು ಬಯಲುಗುಡ್ಡ ಇದೆ, ತಲೆ ತುಂಬಾ ಇಂಥವೇ ಫ್ಯಾನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತವರ ಜೊತೆಗಾರರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನು ಇರೋ ಕಡೆ ಹದ್ದು-ಗಿಡುಗಗಳು ಫ್ಯಾನಿಲ್ಲದ ಕಡೆ ಇರೋದರ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಫ್ಯಾನಿನ ಕೆಳಗೆ ಓತಿಕೇತಗಳು, ಗಂಟಲಲ್ಲಿ ಬಣ್ಣದ ಬೀಸಣಿಗೆ ಬಿಚ್ಚುತ್ತವಲ್ಲ, ಆ ಜಾತಿ, ಅವು ಹೆಚ್ಚಾಗಿದ್ದವು.

— ಮ್ಯಾಲೂ ಫ್ಯಾನು, ಕೆಳಗೂ ಫ್ಯಾನು!

— ಕೇಳಿ ಮುಂದೆ. ಆ ಓತಿಕೇತಗಳು ಮನುಷ್ಯ ತೀರಾ ಹತ್ತಿರ ಬಂದರೂ ಓಡಲಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಭಯದ, ಒತ್ತಡದ ಹಾರ್ಮೋನೂ ಕಡಿಮೆ. ನೋಡಿದವರು ಏನನ್ನಬೇಕು? ಎಷ್ಟು ಸಾಧು, ಎಷ್ಟು ನೆಚ್ಚಿಕೊಂಡಿದೆ ಅಂತ. ನಿಜ ಏನಂದರೆ ಮೇಲಿಂದ ಎರಗೋರು ಇಲ್ಲ ಅಂತ ಅವು ಎಚ್ಚರ ಮರೆತಿದ್ದವು. ನಮ್ಮ ಮೇಲೆ ಬಂದ ವಿಶ್ವಾಸ ಅಲ್ಲ ಅದು.

— ಹದ್ದು ಸತ್ತ್ ಹೋಗಿದ್ವಾ, ಫ್ಯಾನಿಗೆ ಬಡದು?

— ಬಡಿದು ಸಾಯೋದೂ ಉಂಟು. ಆದರೆ ಆ ಜಾಗವನ್ನೇ ಬಿಟ್ಟು ದೂರ ಇರೋದೂ ಅಷ್ಟೇ ಮುಖ್ಯ. ಫ್ಯಾನೇ ಅಲ್ಲಿ ಎಲ್ಲರಿಗಿಂತ ದೊಡ್ಡ ಬೇಟೆಗಾರನ ಹಾಗೆ ಕೆಲಸ ಮಾಡ್ತಿತ್ತು ಅಂತ ಅವರ ಅಭಿಪ್ರಾಯ.

— ಅದ ಖರೇ ಇರಬೇಕು. ನನ್ನ ಬದುವಿನ ಫ್ಯಾನ್ ಬಂದ ಮ್ಯಾಲ ಇಲಿ ಕಾಟ ಹೆಚ್ಚಾಗೇತಿ ಅಂತ ಅನ್ನಸತೈತಿ. ಅನ್ನಸೂದು ಬ್ಯಾರೆ, ಎಣಿಸೂದು ಬ್ಯಾರೆ, ನಾ ಎಣಿಸಿಲ್ಲ. ನಿನ್ನ ಮಾತಿನ ಪ್ರಕಾರ ಪ್ರಾಣಿ ನಮಗ ಹೆದರಬೇಕು, ಅದ ಗೆಳೆತನಾ?

— ಹೆದರಿಸಿ ಅಂತ ನಾನು ಹೇಳಲ್ಲ. ಅದರ ಎಚ್ಚರವನ್ನ ಕಸಿಯಬಾರದು ಅಂತೀನಿ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀರಾ? ಮದ್ದೂರು ತಾಲೂಕು. ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರವರು ಹೇಳ್ತಾರೆ. ಯಾರೂ ಕರೆದು ಕಾಳು ಹಾಕಲ್ಲ, ಮುಟ್ಟಲ್ಲ. ಹುಣಸೆ ಹಣ್ಣಿನ ಆದಾಯಕ್ಕೆ ಪೆಟ್ಟು ಬಿದ್ದರೂ ಮರ ಕಡಿಯದೆ ಬಿಟ್ಟರು. ಹಿಕ್ಕೆ ಗೊಬ್ಬರ ಆಯ್ತು. ಗೂಡಿನಿಂದ ಬಿದ್ದ ಮರಿಯನ್ನ ಮಾತ್ರ ಎತ್ತಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರೋಕೆ ಬಿಟ್ಟರು. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಅಂತ ಘೋಷಿಸಿತು. ಊರು ಅದಕ್ಕೂ ಬಹಳ ಹಿಂದೆಯೇ ಘೋಷಿಸಿಕೊಂಡಿತ್ತು.

— ಹಕ್ಕಿ ಮಾತ ಬ್ಯಾರೆ ಯವ್ವಾ. ಹಕ್ಕಿ ಹಿಕ್ಕಿ ಹಾಕತೈತಿ, ತ್ವಾಳ ಕುರಿ ಒಯ್ತೈತಿ. ಅದರ ಸಂಗಾಟ ಏನ್ ಬಾಣಂತನಾ ಮಾಡ್ತಿ?

— ನಿಮ್ಮಪ್ಪ ಕುರಿ ಕಾದವರಲ್ವಾ? ಅವರು ಏನಂತಿದ್ದರು?

— ಪಾಲು ಅಂತಿದ್ದ. ತ್ವಾಳ ಒಂದ್ ಮರಿ ಒಯ್ದ್ರ ಅವನ ಪಾಲು ಅವ ಒಯ್ದ ಅಂತಿದ್ದ. ಸಿಟ್ಟಿಗೇಳತಿದ್ದ, ಕಲ್ಲ ಬೀಸತಿದ್ದ, ರಾತ್ರಿ ನಾಯಿ ಕಟ್ಟಿ ಕಾಯತಿದ್ದ. ಆದ್ರ ಗವಿಗೆ ಹೊಗಿ ಹಾಕಿ ಮರಿ ಕೊಂದಾವ್ರಿಗೆ ಮುಂದ ಒಳ್ಳೇದಾಗಲಿಲ್ಲ ಅಂತ ಹೇಳತಿದ್ದ. ತ್ವಾಳಿಲ್ಲದ ಗುಡ್ಡದಾಗ ಚಿಗರಿ ಹೆಚ್ಚಾಗತಾವ ಅಂತ ಅವಗ ಗೊತ್ತಿತ್ತು. ಅದನ್ನ ಈಗ ನಾ ನನ್ನ ಹೆಸರಿನ ಹೊಲದಾಗ ಕಲಿಯಾಕತ್ತೀನಿ.

— ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆ ಅಂತಲೇ ಸುಮಾರು 332 ಎಕರೆ ವನ್ಯಧಾಮ ಮಾಡಿದ್ದಾರೆ, 2025ರಲ್ಲಿ. ನಮ್ಮ ಗುಡ್ಡ 2019ರಲ್ಲೇ ವನ್ಯಧಾಮ ಆಯ್ತು. ತೋಳ, ಕತ್ತೆಕಿರುಬ ಎರಡೂ ಇಲ್ಲಿವೆ. ಆದರೆ ತೋಳ ಬೇಲಿ ಓದುತ್ತಾ? ಅದರ ಸಂಸಾರ ಇರೋದೇ ಹುಲ್ಲುಗಾವಲು, ಬೀಳು, ಕುರಿ ತರುಬಿದ ಹೊಲಗಳಲ್ಲಿ. ಕಾಗದದಲ್ಲಿ ಬೀಳು ಅಂದರೆ ಪಾಳು. ಪಾಳು ಅಂದ ಕೂಡಲೇ ಫ್ಯಾನಿಗೋ ಸೋಲಾರಿಗೋ ಕೊಡು.

— ಕುರಿಯಾವ್ರ ತ್ರಾಸೂ ಕೇಳು. ಕುರಿ ಸತ್ರ ಸರಕಾರ ರೊಕ್ಕಾ ಕೊಡತೈತಂತ. ಸತ್ತದ್ದನ್ನ ಅಲ್ಲೇ ಬಿಡಬೇಕು, ಸಾಹೇಬ್ರು ಬಂದು ನೋಡಬೇಕು, ಫೋಟೋ ತಗೀಬೇಕು. ದಿನಾ ಒಂದೂರಿಂದ ಇನ್ನೊಂದೂರಿಗೆ ಹೋಗೂ ಮಂದಿ ಸತ್ತ ಕುರಿ ಮುಂದ ಎಷ್ಟ್ ದಿನಾ ಕುಂದರಬೇಕು? ಪಾಲು ಅಂತ ಬಿಟ್ಟ್ ಹೋಗೂದ ಅಗ್ಗ. ನಮ್ಮಪ್ಪನ ದೊಡ್ಡ ಮನಸಿನ್ಯಾಗ ಇದರದ್ದೂ ಒಂದ್ ಪಾಲಿತ್ತು ಅಂತ ಈಗ ತಿಳಿತೈತಿ.

— ಕಾಳು ಹಾಕೋ ಮಾತಿಗೇ ಮರಳಿದರೆ, ದರೋಜಿ ಕರಡಿಧಾಮದಲ್ಲಿ ಕರಡಿಗೆ ಬಂಡೆ ಮೇಲೆ ಬೆಲ್ಲದ ಪಾಕ ಸವರ್ತಾರೆ, ಜನ ದೂರದ ಗೋಪುರದಿಂದ ನೋಡಲಿ ಅಂತ. ಅದೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅದನ್ನ ನೋಡಿದ ಮೇಲೆ ಎಷ್ಟೋ ಹುಡುಗರು ಕರಡಿಯನ್ನ ಕೊಲ್ಲೋ ಮಾತು ಬಿಟ್ಟಿರ್ತಾರೆ. ಹಾಗಾಗಿ ಜೋರಾಗಿ ಬೈಯೋಕೂ ಬಾಯಿ ಬರಲ್ಲ.

— ನೋಡಿದ್ಯಾ, ನಿನಗೂ ಎರಡ್ ನಾಲಿಗಿ ಅದಾವ. ಬಾ, ಕೆಲಸದ ಮಾತಿಗೆ. ನನ್ನ ಮ್ಯಾಲಿನ ಹೊಲಕ್ಕ ಇನ್ನೊಂದ್ ಫ್ಯಾನ್ ಕೇಳಾಕ ಸೋಮವಾರ ಏಜೆಂಟ್ ಬರ್ತಾನ. ಮೂವತ್ತ್ ವರ್ಷದ ಲೀಜ್ ಅಂತಾನ. ಬ್ಯಾಡ ಅಂತೀಯೋ ಬೇಕಂತೀಯೋ?

— ಬೇಡ ಅನ್ನಲ್ಲ ಕಾಕಾ. ಕುಡತಿನಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಬೂದಿ ನೋಡಿ ಬಂದವಳು ನಾನು. ಅದನ್ನ ಉಸಿರಾಡೋರ ಮುಂದೆ ನಿಂತು ಗಾಳಿ ಕರೆಂಟ್ ಬೇಡ ಅನ್ನೋ ಧೈರ್ಯ ನನಗಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ನಮ್ಮ ಮಾತಾಗಬೇಕು. ಉತ್ತ ಹೊಲದಲ್ಲಿ ನಿಲ್ಲಲಿ, ಗುಡ್ಡದ ಹುಲ್ಲಿನ ನೆತ್ತಿಯಲ್ಲಿ ಬೇಡ. ತಂತಿ ನೆಲದಡಿ ಹೋಗಲಿ. ಸಿರುಗುಪ್ಪ ಕಡೆ ಎರೆಭೂತ ಅನ್ನೋ ದೊಡ್ಡ ಹಕ್ಕಿ ಇನ್ನು ಬೆರಳೆಣಿಕೆಯಷ್ಟು. ಅದರ ಕಣ್ಣು ಪಕ್ಕಕ್ಕಿವೆ, ಎದುರಿನ ತಂತಿ ಸರಿಯಾಗಿ ಕಾಣಲ್ಲ; ಮೈ ಭಾರ, ಕಡೇ ಗಳಿಗೆಯಲ್ಲಿ ತಿರುಗೋಕೂ ಆಗಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಈ ತಂತಿ ವಿಚಾರ 2021ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಆದೇಶ ಆಯ್ತು, 2024ರಲ್ಲಿ ಅದನ್ನ ಸಡಿಲಿಸಿದ್ರು.

— ಮತ್ತ ಬೇವಿನ ಗಿಡಾ?

— ಕಡಿದರೆ ಮೂರು ಬೇಸಿಗೆ ನೀರು ಹಾಕಿ ಬೆಳೆಸಿಕೊಡಬೇಕು ಅಂತ ಬರೆಸೋಣ. ಬಾಡಿಗೆ ವರ್ಷವರ್ಷ ಏರಬೇಕು. ಮೂವತ್ತು ವರ್ಷ ಆದ ಮೇಲೆ ಆ ಕಾಂಕ್ರೀಟ್ ಬುನಾದಿ ಕೀಳೋರು ಯಾರು ಅಂತಲೂ ಕೇಳಬೇಕು. ಅದನ್ನ ಯಾರೂ ಕೇಳಲ್ಲ.

— ನಂದೂ ಒಂದ್ ಬರಕೋ: ಹಗಲಿಗೆ ತ್ರೀ ಫೇಜ್.

— ಅದನ್ನ ಏಜೆಂಟ್ ಕೊಡೋಕಾಗಲ್ಲ ಕಾಕಾ, ಅವನ ಕೈಯಲ್ಲಿಲ್ಲ.

— ಗೊತ್ತೈತಿ. ನನ್ನ ಕೈಯಾಗ ಇಲ್ಲ ಅಂತ ಅವ ಬರದರ ಕೊಡ್ಲಿ, ಆ ಕಾಗದಾ ಹಿಡ್ಕೊಂಡು ಯಾರ ಕೈಯಾಗ ಐತೋ ಅಲ್ಲಿಗೆ ಹೋಗೋಣು. ಹತ್ತ ಗಂಟೆಕ್ಕ ಬಾ, ಮಂಡಕ್ಕಿ-ಮಿರ್ಚಿ ಮಾಡಸ್ತೀನಿ. ಬರೂವಾಗ ಕನ್ನಡಕ ಮರೀಬ್ಯಾಡ. ಇವರ ಕಾಗದದಾಗ ಸಣ್ಣ ಅಕ್ಷರ ಭಾಳ ಇರತಾವ.